ಗ್ರಹಯಾನಕ್ಕೆ ವಿಶ್ವವಿದ್ಯಾಲಯದಲ್ಲಿ ಉಪಕರಣ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ನೋಡಲು ಬಂದವರು, ಸೇರಬೇಕೆಂದು ಬರೆಯುವ ವಿದ್ಯಾರ್ಥಿಗಳು, ಪಕ್ಕದ ವಿಭಾಗದ ಮೇಷ್ಟ್ರುಗಳು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಕೆಲವಕ್ಕೆ ಉತ್ತರ ಒಂದೆರಡು ಸಾಲು. ಕೆಲವಕ್ಕೆ ಕೂತು ಮಾತಾಡಬೇಕು.

ನೌಕೆ ಕಟ್ಟುವುದು ಬಾಹ್ಯಾಕಾಶ ಸಂಸ್ಥೆ. ಒಳಗಿನ ಉಪಕರಣವನ್ನೂ ಅವರೇ ಕಟ್ಟಬಹುದಲ್ವಾ?

ಕಟ್ಟಬಹುದು, ಕಟ್ಟುತ್ತಾರೆ ಕೂಡ. ಆದರೂ ಎಷ್ಟೋ ಉಪಕರಣಗಳು ವಿಶ್ವವಿದ್ಯಾಲಯಗಳಿಂದ ಬರುತ್ತವೆ. ಯಾಕೆಂದರೆ ಬಂದ ಅಂಕಿಗಳನ್ನು ಸರಿಯಾಗಿ ಓದಬೇಕಾದರೆ ಉಪಕರಣದ ಒಳಗು ಗೊತ್ತಿರಬೇಕು. ಪ್ರಶ್ನೆ ಕೇಳುವವರೂ ಉಪಕರಣ ಕಟ್ಟುವವರೂ ಒಂದೇ ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದರೆ ಆ ಕೆಲಸ ಸಲೀಸು.

1958ರ ಜನವರಿಯಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿತು. ಅದರಲ್ಲಿದ್ದದ್ದು ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ತಂಡದ ಗೈಗರ್ ಕೌಂಟರ್. ಕಾಸ್ಮಿಕ್ ಕಿರಣಗಳನ್ನು ಎಣಿಸುವುದು ಅದರ ಕೆಲಸ. ಉಪಗ್ರಹ ಎತ್ತರಕ್ಕೆ ಹೋದ ಹಾಗೆ ಎಣಿಕೆ ಏರಬೇಕಿತ್ತು. ಕೆಲವು ಕಡೆ ಅದು ಸೊನ್ನೆಗೆ ಬಂದುಬಿಟ್ಟಿತು. ಕೌಂಟರ್ ಕೆಟ್ಟಿದೆ ಎಂದು ಕೈಬಿಡಬಹುದಿತ್ತು. ತಂಡದವರು ಅದೇ ಬಗೆಯ ಕೌಂಟರಿಗೆ ಲ್ಯಾಬಿನಲ್ಲಿ ಎಕ್ಸ್‌ರೇ ಹಾಯಿಸಿ ನೋಡಿದರು. ಕಣಗಳು ವಿಪರೀತವಾಗಿ ಬಡಿದಾಗ ಅದು ಎಣಿಸಲಾರದೆ ಸುಮ್ಮನಾಗುತ್ತದೆ ಎಂದು ಗೊತ್ತಾಯಿತು. ಅಂದರೆ ಅಲ್ಲಿ ವಿಕಿರಣ ಇಲ್ಲ ಅಂತಲ್ಲ, ಅಳತೆ ಮೀರಿ ಇತ್ತು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳಿಗೆ ಇವತ್ತು ವ್ಯಾನ್ ಅಲೆನ್ ಹೆಸರೇ ಇದೆ.

ಹಾಗಾದರೆ ಪೂರ್ತಿ ಉಪಕರಣ ಕ್ಯಾಂಪಸ್ಸಿನಲ್ಲೇ ತಯಾರಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ಮಂಗಳವನ್ನು ಸುತ್ತುತ್ತಿರುವ ಹೈರೈಸ್ ಕ್ಯಾಮೆರಾದ ಹೊಣೆ ಅರಿಜೋನಾ ವಿಶ್ವವಿದ್ಯಾಲಯದ್ದು, ಕಟ್ಟಿದ್ದು ಬಾಲ್ ಏರೋಸ್ಪೇಸ್ ಕಂಪನಿ. ಇನ್‌ಸೈಟ್ ಲ್ಯಾಂಡರಿನ ಭೂಕಂಪಮಾಪಕ ಫ್ರಾನ್ಸಿನ ಮುಂದಾಳತ್ವದ್ದು, ಅದರೊಳಗಿನ ಪುಟ್ಟ ಸಿಲಿಕಾನ್ ಸೆನ್ಸರುಗಳು ಇಂಪೀರಿಯಲ್ ಕಾಲೇಜು ಮತ್ತು ಆಕ್ಸ್‌ಫರ್ಡಿನವು. ಒಂದು ಕಡೆ ಡಿಟೆಕ್ಟರ್, ಇನ್ನೊಂದು ಕಡೆ ಪವರ್ ಸಪ್ಲೈ, ಮತ್ತೊಂದು ದೇಶದಲ್ಲಿ ಸಾಫ್ಟ್‌ವೇರ್. ಹೀಗೆ ಹಂಚಿಹೋಗಿರುತ್ತದೆ.

ಆದ್ದರಿಂದ ಜಗಳ ಆಗುವುದೂ ಜಾಸ್ತಿ ಕೂಡುವ ಜಾಗಗಳಲ್ಲೇ. ಯಾವ ಕನೆಕ್ಟರಿನ ಯಾವ ಪಿನ್ನಿಗೆ ಎಷ್ಟು ವೋಲ್ಟ್, ಯಾವ ಸ್ಕ್ರೂ ಎಲ್ಲಿ, ಎಷ್ಟು ಶಾಖ ನೌಕೆಗೆ ದಾಟಬಹುದು, ಎಲ್ಲವನ್ನೂ ಬರೆದು ಎರಡೂ ಕಡೆಯವರು ಸಹಿ ಹಾಕಿದ ಕಡತ ಒಂದಿರುತ್ತದೆ. ಹೊಸಬರಿಗೆ ನಾನು ಮೊದಲು ಓದಲು ಕೊಡುವುದು ಅದನ್ನೇ. ಬೋರ್ ಹೊಡೆಯುತ್ತದೆ, ಹೌದು.

ಮಿಷನ್ನಿಗೆ ಆಯ್ಕೆಯಾಗುವುದು ಹೇಗೆ?

ಸಂಸ್ಥೆ ಪ್ರಕಟಣೆ ಹೊರಡಿಸುತ್ತದೆ, ತಂಡಗಳು ಪ್ರಸ್ತಾವ ಸಲ್ಲಿಸುತ್ತವೆ, ತಜ್ಞರ ಸಮಿತಿ ಆರಿಸುತ್ತದೆ. ನಾಸಾದಲ್ಲಿ ಉಪಕರಣದ ಹಣ ಸಾಮಾನ್ಯವಾಗಿ ಮಿಷನ್ನಿನ ಜೊತೆಗೇ ಬರುತ್ತದೆ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಯಾನಗಳಲ್ಲಿ ನೌಕೆಯ ಖರ್ಚು ಸಂಸ್ಥೆಯದು, ಉಪಕರಣದ ಖರ್ಚನ್ನು ಹೆಚ್ಚಾಗಿ ಆಯಾ ದೇಶಗಳು ಹೊರುತ್ತವೆ.

ಪ್ರಸ್ತಾವದ ಜೀವಾಳ ಒಂದು ಕೋಷ್ಟಕ. ಎಡಗಡೆ ವಿಜ್ಞಾನದ ಪ್ರಶ್ನೆ, ಅದಕ್ಕೆ ಏನನ್ನು ಅಳೆಯಬೇಕು, ಎಷ್ಟು ನಿಖರವಾಗಿ, ಅದಕ್ಕೆ ಉಪಕರಣದಲ್ಲಿ ಏನಿರಬೇಕು, ನೌಕೆ ಏನು ಮಾಡಬೇಕು ಎಂದು ಬಲಗಡೆಗೆ ಸಾಗುತ್ತದೆ. ಬಲಗಡೆಯ ಯಾವುದೇ ಅಂಕಿಗೆ ಬೆರಳಿಟ್ಟು "ಇದು ಯಾಕೆ?" ಎಂದರೆ ಎಡಗಡೆಯ ಒಂದು ಪ್ರಶ್ನೆಗೆ ಹೋಗಿ ಮುಟ್ಟಬೇಕು. ಮುಟ್ಟದಿದ್ದರೆ ಆ ಅಂಕಿ ಸುಮ್ನೆ ಆಸೆಗೆ ಬರೆದದ್ದು. ಸಮಿತಿಗೆ ಅದು ಕೂಡಲೇ ಕಾಣುತ್ತದೆ.

ಒಳ್ಳೆಯ ವಿಜ್ಞಾನ ಇದ್ದೂ ಬಿದ್ದುಹೋಗುವ ಪ್ರಸ್ತಾವಗಳು ಬೇಕಾದಷ್ಟು. ಸಮಿತಿಯ ಭಯ "ಇದು ಉಪಯೋಗವಿಲ್ಲ" ಎಂಬುದಲ್ಲ, "ಇದು ಹೊತ್ತಿಗೆ ಮುಗಿಯುವುದಿಲ್ಲ" ಎಂಬುದು. ಗ್ರಹಗಳು ಸಾಲಾಗಿ ಬರುವ ದಿನಗಳನ್ನು ಮುಂದೂಡಲಾಗದು. ಇನ್‌ಸೈಟ್ 2016ರ ಮಾರ್ಚಿನಲ್ಲಿ ಹೊರಡಬೇಕಿತ್ತು. ಭೂಕಂಪಮಾಪಕದ ನಿರ್ವಾತ ಗೋಳದಲ್ಲಿ ಸೋರಿಕೆ ಸಿಕ್ಕಿತು. ಹೊರಟದ್ದು 2018ರ ಮೇ ತಿಂಗಳಲ್ಲಿ. ಮಂಗಳಕ್ಕೆ ಸರಿಯಾದ ಮುಹೂರ್ತ ಸುಮಾರು 26 ತಿಂಗಳಿಗೆ ಒಂದು ಸಲ ಮಾತ್ರ.

ಟಿಆರ್‌ಎಲ್ 3, ಟಿಆರ್‌ಎಲ್ 6 ಎನ್ನುತ್ತಾರಲ್ಲ, ಏನದು?

ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎನ್ನುವ ಅಳತೆ, 1ರಿಂದ 9ರವರೆಗೆ. 1 ಅಂದರೆ ಮೂಲ ತತ್ವ ಗೊತ್ತಾಗಿದೆ. 9 ಅಂದರೆ ಬಾಹ್ಯಾಕಾಶದಲ್ಲಿ ನಿಜವಾಗಿ ಕೆಲಸ ಮಾಡಿ ತೋರಿಸಿದೆ. ಪ್ರಾಥಮಿಕ ವಿನ್ಯಾಸ ಪರಿಶೀಲನೆಯ ಹೊತ್ತಿಗೆ 6 ಮುಟ್ಟಿರಬೇಕು ಎನ್ನುವುದು ವಾಡಿಕೆ. ನಾಸಾದ ಪಿಕಾಸೊ ಯೋಜನೆ ಎಳೆಯ ಕಲ್ಪನೆಗಳಿಗೆ, ಮ್ಯಾಟಿಸ್ ಯೋಜನೆ 4ರಿಂದ 6ಕ್ಕೆ ಏರಿಸಲು. ಆ ನಡುವಿನ ಹಾದಿಯಲ್ಲೇ ಬಹಳಷ್ಟು ಉಪಕರಣಗಳು ಸಾಯುವುದು. ಪ್ರಬಂಧ ಬರೆಯುವಷ್ಟು ಹೊಸತೂ ಅಲ್ಲ, ಹಾರಿಸುವಷ್ಟು ಗಟ್ಟಿಯೂ ಅಲ್ಲ ಎನ್ನುವ ಸ್ಥಿತಿ ಅದು.

ನಮ್ಮ ಲ್ಯಾಬಿನಲ್ಲಿ ಒಳ್ಳೆಯ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಅದನ್ನೇ ಚಿಕ್ಕದು ಮಾಡಿ ಕಳಿಸಬಹುದಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಉಪಕರಣ. ತತ್ವ ಅದೇ ಇರಬಹುದು. ಉಳಿದದ್ದೆಲ್ಲ ಬದಲಾಗುತ್ತದೆ.

ಮೊದಲು ವಿದ್ಯುತ್ತು. ನ್ಯೂ ಹೊರೈಜನ್ಸ್ ಪ್ಲೂಟೊ ಬಳಿ ಹೋದಾಗ ಇಡೀ ನೌಕೆಗೆ ಇದ್ದದ್ದು ಸುಮಾರು 200 ವ್ಯಾಟ್. ಅದರಲ್ಲೇ ರೇಡಿಯೊ, ಕಂಪ್ಯೂಟರ್, ಏಳು ಉಪಕರಣ, ಎಲ್ಲ ನಡೆಯಬೇಕು. ಲ್ಯಾಬಿನ ಪಂಪ್ ಒಂದೇ ಅದಕ್ಕಿಂತ ಜಾಸ್ತಿ ನುಂಗುತ್ತದೆ.

ಆಮೇಲೆ ಶಾಖ. ಗಾಳಿ ಇಲ್ಲದ ಕಡೆ ಫ್ಯಾನ್ ಹಾಕಿ ಪ್ರಯೋಜನವಿಲ್ಲ. ಬಿಸಿಯಾದ ಚಿಪ್ಪಿನ ಶಾಖ ಲೋಹದ ಮೂಲಕ ನೌಕೆಯ ಗೋಡೆಗೆ ಹರಿಯಬೇಕು, ಅಲ್ಲಿಂದ ವಿಕಿರಣವಾಗಿ ಹೊರಗೆ ಹೋಗಬೇಕು. ಸರ್ಕ್ಯೂಟ್ ಬೋರ್ಡಿನ ವಿನ್ಯಾಸ ಇಲ್ಲೇ ಅರ್ಧ ಬದಲಾಗುತ್ತದೆ.

ವಸ್ತುಗಳ ಆಯ್ಕೆ ಇನ್ನೂ ತಲೆನೋವು. ನಿರ್ವಾತದಲ್ಲಿ ಪ್ಲಾಸ್ಟಿಕ್, ಅಂಟು, ಬಣ್ಣ ಎಲ್ಲವೂ ಒಳಗಿನ ಅನಿಲವನ್ನು ಬಿಡುತ್ತವೆ. ಆ ಅನಿಲ ಹೋಗಿ ತಣ್ಣಗಿನ ಲೆನ್ಸಿನ ಮೇಲೆ ಕೂರುತ್ತದೆ. ಅದಕ್ಕೊಂದು ಸಿದ್ಧ ಪರೀಕ್ಷೆ ಇದೆ: ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್, 24 ಗಂಟೆ. ತೂಕ ಶೇ 1ಕ್ಕಿಂತ ಜಾಸ್ತಿ ಇಳಿಯಬಾರದು, ಹೊರಬಂದು ಬೇರೆ ಕಡೆ ಅಂಟಿಕೊಳ್ಳುವ ಪಾಲು ಶೇ 0.1 ಮೀರಬಾರದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಟೇಪು ಇಲ್ಲಿ ಉಳಿಯುವುದಿಲ್ಲ.

ಬೆಸುಗೆಯ ವಿಷಯ ಕೇಳಿದರೆ ಎಲೆಕ್ಟ್ರಾನಿಕ್ಸ್ ಓದಿದವರೂ ಹುಬ್ಬೇರಿಸುತ್ತಾರೆ. ಪರಿಸರದ ದೃಷ್ಟಿಯಿಂದ ಲೋಕವೆಲ್ಲ ಸೀಸವಿಲ್ಲದ ಬೆಸುಗೆಗೆ ಹೋಗಿದೆ. ನಾವು ಇನ್ನೂ ಸೀಸ ಬೆರೆತದ್ದನ್ನೇ ಹಿಡಿದುಕೊಂಡಿದ್ದೇವೆ. ಶುದ್ಧ ತವರದ ಮೇಲ್ಮೈಯಿಂದ ಕಾಲಕ್ರಮೇಣ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ತಾವಾಗಿಯೇ ಬೆಳೆಯುತ್ತವೆ. ಎರಡು ಪಿನ್ನುಗಳ ನಡುವೆ ಸೇತುವೆಯಾದರೆ ಶಾರ್ಟ್ ಸರ್ಕ್ಯೂಟ್. 1998ರಲ್ಲಿ ಗ್ಯಾಲಕ್ಸಿ-4 ಸಂವಹನ ಉಪಗ್ರಹ ಕೈಕೊಟ್ಟದ್ದಕ್ಕೆ ಈ ತವರದ ಎಳೆಗಳೇ ಕಾರಣ ಎಂದು ತೀರ್ಮಾನವಾಯಿತು.

ಮಾಸ್ ಸ್ಪೆಕ್ಟ್ರೋಮೀಟರಿಗೆ ಹೈವೋಲ್ಟೇಜ್ ಬೇಕೇ ಬೇಕು. ಇಲ್ಲಿ ಮಂಗಳ ವಿಚಿತ್ರ ಜಾಗ. ನಮ್ಮ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು. ಒಳ್ಳೆಯ ನಿರ್ವಾತದಲ್ಲಂತೂ ಕಿಡಿ ಸುಲಭಕ್ಕೆ ಹಾರುವುದಿಲ್ಲ. ಇವೆರಡರ ನಡುವೆ, ಮಂಗಳದ ತೆಳು ಗಾಳಿಯ ಒತ್ತಡದಲ್ಲಿ, ಕೆಲವು ನೂರು ವೋಲ್ಟಿಗೇ ಹಾರಿಬಿಡುತ್ತದೆ. ನೆಲದ ಮೇಲೂ ಆಕಾಶದಲ್ಲೂ ಚೆನ್ನಾಗಿದ್ದ ಸರ್ಕ್ಯೂಟ್ ಇಳಿದ ಮೇಲೆ ಸುಟ್ಟುಹೋಗಬಹುದು. ಪರೀಕ್ಷೆಯಲ್ಲೂ ಇದೇ ಗಂಡಾಂತರ. ಚೇಂಬರಿನಿಂದ ಗಾಳಿ ಎಳೆಯುತ್ತಿರುವಾಗ ಒತ್ತಡ ಈ ಮಟ್ಟವನ್ನು ದಾಟಿಕೊಂಡೇ ಹೋಗಬೇಕು. ಆ ಹೊತ್ತಿನಲ್ಲಿ ಯಾರಾದರೂ ಸ್ವಿಚ್ ಒತ್ತಿದರೆ ಕಥೆ ಮುಗಿಯಿತು. ಅದಕ್ಕೇ ಸ್ವಿಚ್ಚಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಚೀಟಿ, ಜೊತೆಗೆ ಒಬ್ಬರು ಓದಿ ಹೇಳಿ ಇನ್ನೊಬ್ಬರು ಮಾಡುವ ಪದ್ಧತಿ.

ವಿಕಿರಣದ ಮಾತನ್ನು ಶುರು ಮಾಡಿದರೆ ಪುಟ ಸಾಲದು. ಕಾಸ್ಮಿಕ್ ಕಣವೊಂದು ಬಡಿದರೆ ಮೆಮೊರಿಯಲ್ಲಿ 0 ಇದ್ದದ್ದು 1 ಆಗಬಹುದು. ಅದನ್ನು ತಾಳುವ ಚಿಪ್ಪುಗಳು ಇವೆ, ನಿಮ್ಮ ಫೋನಿನದಕ್ಕಿಂತ ಹಲವು ತಲೆಮಾರು ಹಳೆಯವು.

ಹಾಗಾದರೆ ಸರಳ ಉಪಕರಣಕ್ಕೆ ಬೆಲೆಯೇ ಇಲ್ವಾ?

ತುಂಬಾ ಇದೆ. ಅಪೋಲೊ-11ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯ ಕಳಿಸಿದ್ದು ಒಂದು ಅಲ್ಯೂಮಿನಿಯಂ ಹಾಳೆ. ಕೋಲಿಗೆ ಸುತ್ತಿದ ಹಾಳೆಯನ್ನು ಬಿಚ್ಚಿ ಸೂರ್ಯನಿಗೆ ಮುಖ ಮಾಡಿ ನೆಡುವುದು, 77 ನಿಮಿಷ ಬಿಡುವುದು, ಸುತ್ತಿ ವಾಪಸ್ ತರುವುದು. ವೈರಿಲ್ಲ, ಬ್ಯಾಟರಿ ಇಲ್ಲ. ಸೂರ್ಯನಿಂದ ಹರಿದುಬರುವ ಸೌರಮಾರುತದ ಕಣಗಳು ಹಾಳೆಯೊಳಗೆ ಹೊಕ್ಕು ಕೂತವು. ಬರ್ನ್‌ನಲ್ಲಿ ಹಾಳೆಯನ್ನು ಕಾಯಿಸಿ ಹೀಲಿಯಂ, ನಿಯಾನ್ ಮುಂತಾದವನ್ನು ಅಳೆದರು. ಧ್ವಜ ನೆಡುವ ಮೊದಲೇ ನೆಟ್ಟದ್ದು ಈ ಹಾಳೆಯನ್ನು. ಜಾಣತನವೆಲ್ಲ ಭೂಮಿಯ ಲ್ಯಾಬಿನಲ್ಲಿತ್ತು, ಚಂದ್ರನ ಮೇಲೆ ಕೆಡುವಂಥದ್ದು ಏನೂ ಇರಲಿಲ್ಲ. ಇಂಥ ವಿನ್ಯಾಸ ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಒಂದೇ ಉಪಕರಣವನ್ನು ಹಲವು ಸಲ ಕಟ್ಟುತ್ತಾರಂತೆ, ಯಾಕೆ?

ಎಂಜಿನಿಯರಿಂಗ್ ಮಾಡೆಲ್ ಸರ್ಕ್ಯೂಟ್ ಮತ್ತು ಸಾಫ್ಟ್‌ವೇರ್ ನೋಡಲು. ಕ್ವಾಲಿಫಿಕೇಶನ್ ಮಾಡೆಲ್ ಚೆನ್ನಾಗಿ ಹಿಂಸೆ ಕೊಟ್ಟು ಪರೀಕ್ಷಿಸಲು. ಫ್ಲೈಟ್ ಮಾಡೆಲ್ ಹಾರುವುದಕ್ಕೆ. ಅದರ ಜೋಡಿ ಒಂದು ಸ್ಪೇರ್.

ಸ್ಪೇರ್ ಅಂದರೆ ಮೂಲೆ ಸೇರುವ ಸಾಮಾನಲ್ಲ. ರೊಸೆಟ್ಟಾ ನೌಕೆಯ ರೊಸೀನಾ ಉಪಕರಣ ಬರ್ನ್‌ನದು. ಅದು 67ಪಿ ಧೂಮಕೇತುವಿನ ಬಳಿ ಅನಿಲಗಳನ್ನು ಮೂಸುತ್ತಿದ್ದಾಗ ಅದರ ಅವಳಿ ಬರ್ನ್‌ನಲ್ಲೇ ಇತ್ತು. ಅವಳಿಗೆ ಗೊತ್ತಿರುವ ಅನಿಲವನ್ನು ಕೊಟ್ಟು ನೋಡಿ, ಅಲ್ಲಿಂದ ಬಂದ ಸಂಕೇತದ ಜೊತೆ ಹೋಲಿಸಬಹುದಿತ್ತು. 2015ರಲ್ಲಿ ಧೂಮಕೇತುವಿನಲ್ಲಿ ಆಮ್ಲಜನಕ ಅಣು ಇದೆ ಎಂದು ತಂಡ ಪ್ರಕಟಿಸಿತು. ಯಾರೂ ನಿರೀಕ್ಷಿಸದ ಸುದ್ದಿ. ಅದು ನೌಕೆಯದೇ ಹೊಲಸಲ್ಲ ಎಂದು ಧೈರ್ಯವಾಗಿ ಹೇಳಲು ಇನ್ನೊಂದು ತಯಾರಿಯೂ ಇತ್ತು: ದಾರಿಯುದ್ದಕ್ಕೂ, ಧೂಮಕೇತು ಇನ್ನೂ ದೂರ ಇದ್ದಾಗಲೇ, ನೌಕೆ ಬಿಡುವ ಅನಿಲವನ್ನು ಅಳೆದಿಟ್ಟುಕೊಂಡಿದ್ದರು.

ಪರೀಕ್ಷೆ ಅಂದರೆ ಏನೇನು ಮಾಡುತ್ತೀರಿ?

ಕುಲುಕುವುದು, ಕಾಯಿಸುವುದು, ತಣಿಸುವುದು, ರೇಡಿಯೊ ಗದ್ದಲ ಅಳೆಯುವುದು. ಇವುಗಳಲ್ಲಿ ಕುಲುಕುವುದನ್ನು ನೋಡಲು ಎಲ್ಲರಿಗೂ ಇಷ್ಟ. ಶೇಕರ್ ಮೇಜಿಗೆ ಉಪಕರಣವನ್ನು ಬಿಗಿದು, ಅಲ್ಲಲ್ಲಿ ಸಕ್ಕರೆ ಹರಳಿನಷ್ಟೇ ಪುಟ್ಟ ಸೆನ್ಸರು ಅಂಟಿಸುತ್ತಾರೆ. ಮೊದಲು ಮೆಲ್ಲಗೆ, ಕಡಿಮೆ ಕಂಪನಾಂಕದಿಂದ ಹೆಚ್ಚಿನದಕ್ಕೆ ಏರಿಸುತ್ತಾ ಒಂದು ಗ್ರಾಫ್ ತೆಗೆಯುತ್ತಾರೆ. ಆಮೇಲೆ ರಾಕೆಟ್ಟಿನಷ್ಟೇ, ಅಥವಾ ಅದಕ್ಕಿಂತ ಜೋರಾಗಿ ಕುಲುಕುತ್ತಾರೆ. ಕೋಣೆಯೇ ಗುಡುಗುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಗೆ ಮತ್ತೆ ಅದೇ ಮೆಲ್ಲಗಿನ ಗ್ರಾಫ್. ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಎರಡು ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಶಿಖರಗಳು ಅಲ್ಲಲ್ಲೇ ಇರಬೇಕು. ಒಂದು ಶಿಖರ ಎಡಕ್ಕೆ ಸರಿದಿದ್ದರೆ ಎಲ್ಲೋ ಸ್ಕ್ರೂ ಸಡಿಲಾಗಿದೆ, ಇಲ್ಲವೇ ಅಂಟು ಬಿಟ್ಟಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ನಿರ್ವಾತದಲ್ಲಿ ಕಾಯಿಸಿ ತಣಿಸುವ ಪರೀಕ್ಷೆ ದಿನಗಟ್ಟಲೆ, ರಾತ್ರಿ ಪಾಳಿ ಸಮೇತ. ಅದರಲ್ಲಿ ಹೇಳಿಕೊಳ್ಳುವ ರೋಮಾಂಚನ ಏನಿಲ್ಲ.

ಅಷ್ಟೊಂದು ಸ್ವಚ್ಛತೆ ಯಾಕೆ? ಹೇಗೂ ಧೂಳಿನ ಗ್ರಹಕ್ಕೇ ಹೋಗುವುದಲ್ವಾ?

ಎರಡು ಕಾರಣ. ಒಂದು, ಭೂಮಿಯ ಜೀವಿಗಳನ್ನು ಬೇರೆ ಗ್ರಹಕ್ಕೆ ಹೊತ್ತೊಯ್ಯಬಾರದು. ಕೋಸ್ಪಾರ್ ಸಂಸ್ಥೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಮಂಗಳದ ಲ್ಯಾಂಡರಿನ ಮೇಲ್ಮೈಯಲ್ಲಿ ಚದರ ಮೀಟರಿಗೆ ಸರಾಸರಿ 300 ಬ್ಯಾಕ್ಟೀರಿಯಾ ಬೀಜಕಗಳನ್ನು ಮೀರಬಾರದು. ಹತ್ತಿಯಂಥ ಕಡ್ಡಿಯಿಂದ ಒರೆಸಿ, ಆ ಮಾದರಿಯನ್ನು 80 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿ, ಬದುಕಿ ಉಳಿದವನ್ನು ಬೆಳೆಸಿ ಎಣಿಸುತ್ತಾರೆ.

ಎರಡನೆಯ ಕಾರಣ ನಮ್ಮದೇ ಅಂಕಿಗಳ ಮಾನ. 1976ರಲ್ಲಿ ವೈಕಿಂಗ್ ಲ್ಯಾಂಡರುಗಳು ಮಂಗಳದ ಮಣ್ಣನ್ನು ಕಾಯಿಸಿ ನೋಡಿದಾಗ ಕ್ಲೋರಿನ್ ಸೇರಿದ ಮೀಥೇನ್ ಸಿಕ್ಕಿತು. ಭೂಮಿಯಲ್ಲಿ ತೊಳೆಯಲು ಬಳಸಿದ ದ್ರಾವಕದ ಉಳಿಕೆ ಎಂದು ಅದನ್ನು ಬದಿಗಿಟ್ಟರು. 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ಮಂಗಳದ ಮಣ್ಣಿನಲ್ಲಿ ಕ್ಲೋರಿನ್ ಮತ್ತು ಆಮ್ಲಜನಕ ಸೇರಿದ ಲವಣವಾದ ಪರ್‌ಕ್ಲೋರೇಟ್ ಕಂಡಿತು. ಪರ್‌ಕ್ಲೋರೇಟ್ ಇದ್ದ ಮಣ್ಣಿನಲ್ಲಿ ಸಾವಯವ ವಸ್ತು ಇದ್ದು, ಕಾಯಿಸಿದರೆ, ಅಂಥದೇ ಅನಿಲ ಬರಬಹುದು. ಹಳೆಯ ಅಂಕಿಗಳನ್ನು ಮತ್ತೆ ತೆಗೆದು ಓದಬೇಕಾಯಿತು, ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಯಾವ ದ್ರಾವಕದಿಂದ, ಯಾವ ದಿನ, ಯಾವ ಭಾಗ ಒರೆಸಿದಿರಿ ಎಂದು ಬರೆದಿಡಿ ಎಂದು ಪೀಡಿಸುವುದು ಇದಕ್ಕೇ.

ವಿದ್ಯಾರ್ಥಿಗಳಿಗೆ ನಿಜವಾದ ಕೆಲಸ ಕೊಡುತ್ತಾರಾ, ಇಲ್ಲ ನೋಡುತ್ತಾ ನಿಲ್ಲಬೇಕಾ?

ನ್ಯೂ ಹೊರೈಜನ್ಸ್‌ನಲ್ಲಿರುವ ಧೂಳು ಎಣಿಸುವ ಉಪಕರಣವನ್ನು ಕಟ್ಟಿದ್ದು ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಧೂಳಿನ ಕಣ ಬಡಿದಾಗ ಸಂಕೇತ ಹೊರಡಿಸುವ ತೆಳು ಪ್ಲಾಸ್ಟಿಕ್ ಪೊರೆಗಳು ಅದರಲ್ಲಿವೆ. 2006ರಲ್ಲಿ ಹೊರಟಿತು. ಪ್ಲೂಟೊ ಎಂಬ ಹೆಸರನ್ನು 11ನೇ ವಯಸ್ಸಿನಲ್ಲಿ ಸೂಚಿಸಿದ ವೆನಿಷಿಯಾ ಬರ್ನಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. 2024ರಲ್ಲಿ ಅದರ ಅಂಕಿಗಳಿಂದ ಒಂದು ಅಚ್ಚರಿಯ ಸುದ್ದಿ ಬಂತು: ನೆಪ್ಚೂನಿನಾಚೆಯ ಕೈಪರ್ ಪಟ್ಟಿಯ ಹೊರಗಡೆ ಕಡಿಮೆಯಾಗಬೇಕಿದ್ದ ಧೂಳು ಕಡಿಮೆಯಾಗಿಲ್ಲ. ಬೆನ್ನು ಎಂಬ ಕ್ಷುದ್ರಗ್ರಹಕ್ಕೆ ಹೋದ ಒಸಿರಿಸ್-ರೆಕ್ಸ್‌ನಲ್ಲೂ ಎಂಐಟಿ ಮತ್ತು ಹಾರ್ವರ್ಡ್ ವಿದ್ಯಾರ್ಥಿಗಳ ಎಕ್ಸ್‌ರೇ ಉಪಕರಣ ಇತ್ತು.

ಆದರೆ ವಿದ್ಯಾರ್ಥಿ ಎಂದು ನಿಯಮದಲ್ಲಿ ರಿಯಾಯಿತಿ ಇಲ್ಲ. ಪರಿಶೀಲನಾ ಸಮಿತಿಯ ಮುಂದೆ ಎಲ್ಲರಿಗೂ ಒಂದೇ ಪ್ರಶ್ನೆ.

ಪಿಎಚ್‌ಡಿ ನಾಲ್ಕೈದು ವರ್ಷ, ಮಿಷನ್ ಇಪ್ಪತ್ತು ವರ್ಷ. ಹೊಂದುವುದು ಹೇಗೆ?

ಹೊಂದುವುದಿಲ್ಲ. ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ ಅನುಮಾನ ಪಡಿ. ರೊಸೆಟ್ಟಾ ಹೊರಟದ್ದು 2004ರಲ್ಲಿ, ಧೂಮಕೇತು ಸೇರಿದ್ದು 2014ರಲ್ಲಿ. ಜ್ಯೂಸ್ ನೌಕೆ 2023ರ ಏಪ್ರಿಲ್‌ನಲ್ಲಿ ಹೊರಟಿದೆ, ಗುರುವನ್ನು ಸೇರುವ ಯೋಜನೆ 2031ಕ್ಕೆ. ಕಟ್ಟಲು ಹಿಡಿದ ವರ್ಷಗಳು ಬೇರೆ.

ಹಾಗಾಗಿ ಒಂದು ಉಪಕರಣದ ಮೇಲೆ ಹಲವು ತಲೆಮಾರಿನ ವಿದ್ಯಾರ್ಥಿಗಳು ದುಡಿಯುತ್ತಾರೆ. ಒಬ್ಬರ ಪ್ರಬಂಧ ಡಿಟೆಕ್ಟರಿನ ಮೇಲೆ, ಇನ್ನೊಬ್ಬರದು ಕ್ಯಾಲಿಬ್ರೇಶನ್ (ಗೊತ್ತಿರುವುದನ್ನು ಅಳೆದು ಉಪಕರಣವನ್ನು ತಾಳೆ ನೋಡುವುದು) ಮೇಲೆ, ಮತ್ತೊಬ್ಬರದು ಹಳೆಯ ಮಿಷನ್ನಿನ ಅಂಕಿಗಳ ಮೇಲೆ. ಸೇರುವ ಮೊದಲು ಮಾರ್ಗದರ್ಶಕರನ್ನು ನೇರವಾಗಿ ಕೇಳಿ: ಉಡಾವಣೆ ಎರಡು ವರ್ಷ ತಡವಾದರೆ ನನ್ನ ಪ್ರಬಂಧದ ಗತಿ ಏನು? ಇದಕ್ಕೆ ಸಿದ್ಧ ಉತ್ತರ ಇಲ್ಲದ ಕಡೆ ಸೇರಬೇಡಿ.

ಹಾರಿದ ಮೇಲೆ ಏನಾದರೂ ಕೆಟ್ಟರೆ?

ಕೈಗೆ ಸಿಗುವುದಿಲ್ಲ. ಸಾಫ್ಟ್‌ವೇರ್ ಬದಲಾಯಿಸಬಹುದು, ಬಳಸುವ ಕ್ರಮ ಬದಲಾಯಿಸಬಹುದು, ಅಷ್ಟೇ. ಫೀನಿಕ್ಸ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಪುಟ್ಟ ಒಲೆಗಳು ಇದ್ದವು. ಮೇಲೆ ಜರಡಿ. ರೋಬೋ ಕೈ ಮಣ್ಣು ಸುರಿಯಿತು, ಮಣ್ಣು ಗಂಟುಗಟ್ಟಿ ಜರಡಿಯ ಮೇಲೇ ಕೂತಿತು. ಒಲೆಯೊಳಗೆ ಏನೂ ಬೀಳಲಿಲ್ಲ. ದಿನಗಟ್ಟಲೆ ಜರಡಿಯನ್ನು ಅಲ್ಲಾಡಿಸುತ್ತಾ ಹೋದರು, ಕೊನೆಗೆ ಬಿತ್ತು.

2005ರ ಜನವರಿ 14ರಂದು ಹ್ಯೂಜೆನ್ಸ್ ನೌಕೆ ಶನಿಯ ಚಂದ್ರ ಟೈಟನ್ ಮೇಲೆ ಇಳಿದಾಗ ಆದದ್ದು ಇನ್ನೂ ನೋವಿನದು. ಅದಕ್ಕೆ ಎರಡು ರೇಡಿಯೊ ಚಾನೆಲ್. ಅದರ ಸಂಕೇತ ಹಿಡಿಯಲು ಮೇಲಿದ್ದ ಕ್ಯಾಸಿನಿ ನೌಕೆಯಲ್ಲಿ ಒಂದು ಚಾನೆಲ್ಲಿನ ರಿಸೀವರನ್ನು ಆನ್ ಮಾಡುವ ಆದೇಶ ಹೋಗಿರಲಿಲ್ಲ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಗಾಳಿ ಅಳೆಯುವ ಪ್ರಯೋಗ ಪೂರ್ತಿ ಆ ಚಾನೆಲ್ಲನ್ನೇ ನಂಬಿತ್ತು. ಅದೃಷ್ಟಕ್ಕೆ ಭೂಮಿಯ ದೊಡ್ಡ ರೇಡಿಯೊ ದೂರದರ್ಶಕಗಳು ಹ್ಯೂಜೆನ್ಸ್‌ನ ಕ್ಷೀಣ ಸಂಕೇತಕ್ಕೆ ಕಿವಿಗೊಟ್ಟಿದ್ದವು. ಸಂಕೇತದ ಕಂಪನಾಂಕ ಹೇಗೆ ಸರಿಯಿತು ಎಂಬುದರಿಂದ ಟೈಟನ್ನಿನ ಗಾಳಿಯ ವೇಗವನ್ನು ಲೆಕ್ಕ ಹಾಕಿದರು.

ಬೇರೆ ದೇಶದ ನೌಕೆಯಲ್ಲಿ ನಮ್ಮ ಉಪಕರಣ ಹೋಗಬಹುದಾ?

ಹೋಗಬಹುದು. ಚಂದ್ರಯಾನ-1ರಲ್ಲಿ ಚಂದ್ರನ ಮೇಲೆ ನೀರಿನ ಗುರುತು ಕಂಡ ಎಂ-3 ನಾಸಾದ ಉಪಕರಣ, ಅದರ ಮುಖ್ಯ ವಿಜ್ಞಾನಿ ಬ್ರೌನ್ ವಿಶ್ವವಿದ್ಯಾಲಯದವರು. ಚೀನಾದ ಚಾಂಗ್-ಎ-4ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ವಿಕಿರಣಮಾಪಕ ಇದೆ. ರಫ್ತು ನಿಯಂತ್ರಣದ ಕಾಗದಪತ್ರ ಮಾತ್ರ ಉಪಕರಣಕ್ಕಿಂತ ಭಾರ ಆಗುವುದುಂಟು. ಬೇಗ ಶುರು ಮಾಡಿ.

ಅಂಕಿಗಳು ಯಾರ ಸ್ವತ್ತು?

ಮೊದಲ ಕೆಲವು ತಿಂಗಳು ತಂಡದ ಕೈಯಲ್ಲಿ, ಆಮೇಲೆ ಎಲ್ಲರದು. ನಾಸಾದ ಪಿಡಿಎಸ್ ಸಂಗ್ರಹದಲ್ಲೂ ಯುರೋಪಿನ ಸಂಗ್ರಹದಲ್ಲೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮಿಷನ್ನೇ ಕಳೆದುಹೋದರೆ?

ಬೀಗಲ್-2 ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಕನಸು. 2003ರ ಡಿಸೆಂಬರ್ 25ರಂದು ಮಂಗಳಕ್ಕೆ ಇಳಿಯಬೇಕಿತ್ತು, ಸದ್ದೇ ಬರಲಿಲ್ಲ. 2015ರಲ್ಲಿ ಹೈರೈಸ್ ಚಿತ್ರಗಳಲ್ಲಿ ಅದು ಸಿಕ್ಕಿತು. ಇಳಿದಿತ್ತು, ಸೌರಫಲಕಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಅಷ್ಟರಲ್ಲಿ ಅದೇ ವಿಶ್ವವಿದ್ಯಾಲಯದ ಟಾಲೆಮಿ ಎಂಬ ಅನಿಲ ವಿಶ್ಲೇಷಕ ಫಿಲೇ ಲ್ಯಾಂಡರ್ ಜೊತೆ ಧೂಮಕೇತುವಿನ ಮೇಲೆ ಇಳಿದೂ ಆಗಿತ್ತು. ಕಲಿತ ಕೈಗಳು ಉಳಿದಿದ್ದರೆ ಮುಂದಿನದು ಸಾಧ್ಯ. ಹಣ ನಿಂತು ತಂಡ ಚದುರಿದರೆ ಕಷ್ಟ, ಹಾಗೆ ಆದದ್ದೂ ಇದೆ.

ಏನು ಓದಿದ್ದರೆ ಸೇರಿಸಿಕೊಳ್ಳುತ್ತೀರಿ? ಈಗಲೇ ಏನಾದರೂ ಶುರು ಮಾಡಬಹುದಾ?

ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್, ರಸಾಯನಶಾಸ್ತ್ರ, ಯಾವುದಾದರೂ ಆಗುತ್ತದೆ. ಅಂಕಪಟ್ಟಿಗಿಂತ ನಾನು ನೋಡುವುದು ಬೇರೆ. ಒಂದು ಚಿಪ್ಪಿನ ಡೇಟಾಶೀಟ್ ಕೊಟ್ಟರೆ ಕೊನೆಯ ಪುಟದ ಅಡಿಟಿಪ್ಪಣಿವರೆಗೆ ಓದುತ್ತೀರಾ? ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಗೊತ್ತಾ? ಅಳತೆ ಸರಿಬಾರದಿದ್ದಾಗ ಮೊದಲು ಯಾವುದನ್ನು ಅನುಮಾನಿಸುತ್ತೀರಿ?

ಶುರು ಮಾಡಲು ಯಾರ ಅನುಮತಿಯೂ ಬೇಡ. ಪಿಡಿಎಸ್‌ನಿಂದ ಹಳೆಯ ಉಪಕರಣವೊಂದರ ಅಂಕಿಗಳನ್ನು ಇಳಿಸಿಕೊಳ್ಳಿ. ಜೊತೆಗೆ ಕ್ಯಾಲಿಬ್ರೇಶನ್ ವಿವರಗಳೂ ಸಿಗುತ್ತವೆ, ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ಕಚ್ಚಾ ಅಂಕಿಯಿಂದ ಪ್ರಕಟವಾದ ಗ್ರಾಫಿನವರೆಗೆ ನೀವೇ ಲೆಕ್ಕ ಹಾಕಿಕೊಂಡು ಬನ್ನಿ. ಎಲ್ಲಿ ತಾಳೆಯಾಗಲಿಲ್ಲ ಎಂಬುದನ್ನು ಬರೆದಿಟ್ಟುಕೊಂಡು, ಅರ್ಜಿಯ ಜೊತೆ ಅದನ್ನೇ ಕಳಿಸಿ.